ಹರಕೆ ಹುಂಜದ ಬಲಗಾಲು

ಉಗುರು ಕತ್ತರಿಸುವ ಸದ್ದು ಕೇಳಿದರೆ ನನಗೆ ಕೋಳಿಸಾರಿನ ವಾಸನೆ ಬರುತ್ತದೆ. ನಗಬೇಡಿ. ಮೊನ್ನೆ ಬೆಳಿಗ್ಗೆ ಜಗಲಿಯಲ್ಲಿ ಕೂತು ಕಾಲುಗುರು ತೆಗೆಯುತ್ತಿದ್ದಾಗಲೂ ಬಂತು. ಒಳಗೆ ಬೇಯುತ್ತಿದ್ದುದು ಬರೀ ಹೆಸರುಕಾಳು.

ಇದರ ಮೂಲ ಇರುವುದು ದೇವರಮನೆ ಗುಡ್ಡದ ದಾರಿಯ ಪಾರ್ವತಕ್ಕನ ಮನೆಯಲ್ಲಿ. ಹದಿನೈದು ವರ್ಷದ ಹಿಂದಿನ ಆ ಮಧ್ಯಾಹ್ನ ಅಲ್ಲಿದ್ದವರು ನಾಲ್ಕೇ ಜನ. ಮೂಡಿಗೆರೆಯಿಂದ ಜೀಪಿನಲ್ಲಿ ಬಂದಿದ್ದ ಇಬ್ಬರು ನಿವೃತ್ತ ಸೈನಿಕರು, ಒಲೆಯ ಮುಂದೆ ಪಾರ್ವತಕ್ಕನ ಸೊಸೆ ಶಾರದೆ, ಮತ್ತು ಪಕ್ಕದ ತೋಟದಿಂದ ಕಾಫಿ ಕುಡಿಯುವುದಕ್ಕೆಂದೇ ನಡೆದು ಬಂದಿದ್ದ ನಾನು. ಪಾರ್ವತಕ್ಕ ಮಾತ್ರ ಇರಲಿಲ್ಲ. ವಸ್ತಾರೆಯ ನೆಂಟರ ಮನೆಗೆ ಹೋಗಿದ್ದವರು ಮಧ್ಯಾಹ್ನದ ಬಸ್ಸಿಗೆ ಬರಬೇಕಿತ್ತು.

ಸೈನಿಕರು ಬಂದದ್ದು ಪಾರ್ವತಕ್ಕನನ್ನು ಒಂದು ಸನ್ಮಾನಕ್ಕೆ ಕರೆಯಲು. ಪಾರ್ವತಕ್ಕನ ತಮ್ಮ ವಾಸು ಎಪ್ಪತ್ತೊಂದರ ಯುದ್ಧಕ್ಕೆ ಹೋದವರು ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಬಂದದ್ದು 'ಕಾಣೆಯಾಗಿದ್ದಾರೆ' ಎಂಬ ಒಂದು ಕಾಗದ. ಆಮೇಲೆ, ಶತ್ರುಗಳು ಅವರನ್ನು ಕೈ ಮೇಲೆತ್ತಿಸಿ ಹಿಡಿದುಕೊಂಡು ಹೋದದ್ದನ್ನು ನೋಡಿದೆ ಎಂದು ಜೊತೆಯ ಸೈನಿಕನೊಬ್ಬ ಬರೆದನಂತೆ. ಆ ಒಂದು ಸಾಲನ್ನು ನಂಬಿ ಪಾರ್ವತಕ್ಕ ತೋಟದಂಚಿನ ಚೌಡಿಗೆ ಹರಕೆ ಹೊತ್ತರು: ತಮ್ಮ ಸೆರೆಯಿಂದ ಬಂದ ದಿನ ಒಂದು ಹುಂಜ ಕೊಡುತ್ತೇನೆ, ಆ ಸಾರನ್ನು ಮೊದಲು ಅವನ ಎಲೆಗೇ ಬಡಿಸುತ್ತೇನೆ.

ಹರಕೆಯ ಹುಂಜವನ್ನು ಆ ದಿನದವರೆಗೆ ಕೊಯ್ಯುವಂತಿಲ್ಲ, ಮಾರುವಂತಿಲ್ಲ. ಗುರುತಿಗೆ ಬಲಗಾಲಿನ ಕಿರುಬೆರಳಿನ ಉಗುರು ಕತ್ತರಿಸಿರುತ್ತಾರೆ. ಉಗುರೆಂದರೆ ಬೆಳೆಯುವ ವಸ್ತು, ಆಗಾಗ ಮತ್ತೆ ಕತ್ತರಿಸಬೇಕು. ಹುಂಜ ಮುದಿಯಾಗಿ ಸತ್ತರೆ ಇನ್ನೊಂದನ್ನು ಹಿಡಿದು ಅದರ ಉಗುರಿಗೆ ಕತ್ತರಿ. ಹೀಗೆ ಎಷ್ಟೋ ಹುಂಜಗಳು ಆ ಅಂಗಳದಲ್ಲಿ ಪಿಂಚಣಿದಾರರ ಹಾಗೆ ಅಡ್ಡಾಡಿ ಕಾಲವಾದವು. "ವಯಸ್ಸಾಗಿ ಸಾಯೋ ಕೋಳಿ ನೋಡ್ಬೇಕಾದ್ರೆ ಪಾರ್ವತಕ್ಕನ ಮನೆಗೆ ಹೋಗ್ಬೇಕು" ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು.

ಬಂದವರಿಗೆ ಬರೀ ಕಾಫಿ ಕೊಟ್ಟು ಕಳಿಸುವ ಮನೆ ಅದಲ್ಲ. ಶಾರದೆ ಕಡುಬಿಗೆ ನೀರಿಟ್ಟು, "ಒಂದು ಹುಂಜ ಹಿಡ್ಕೊಡಿ ಮಾರಾಯ್ರೆ. ಬಲಗಾಲು ನೋಡ್ಕೊಳ್ಳಿ" ಎಂದಳು.

"ನಂಗೆ ಕೋಳಿ ಹಿಡಿಯೋದು ಹೇಳಿಕೊಡ್ತೀಯಾ?" ಎಂದೆ.

ಅಂಗಳದಲ್ಲಿ ಎರಡು ಕೆಂಪು ಹುಂಜಗಳಿದ್ದವು. ಒಂದನ್ನು ಹಿಡಿದು, ಕಾಲು ಮೇಲೆ ಮಾಡಿ ತೂಗುಹಾಕಿಕೊಂಡು ನೋಡಿದೆ. ಬಲಗಾಲಿನ ಉಗುರು ಸರಿಯಾಗೇ ಇತ್ತು. ಆದರೆ ನೀವೇ ಹೇಳಿ, ತಲೆಕೆಳಗಾದ ಹುಂಜದ ಬಲಗಾಲು ಯಾವುದು? ಅದರ ಎದೆ ನಿಮ್ಮ ಕಡೆಗಿದ್ದರೆ ಒಂದು, ಬೆನ್ನು ನಿಮ್ಮ ಕಡೆಗಿದ್ದರೆ ಇನ್ನೊಂದು. ಇವತ್ತಿಗೂ ನನಗೆ ಇದು ಬಗೆಹರಿದಿಲ್ಲ. ಅವತ್ತು ಈ ಪ್ರಶ್ನೆಯೇ ಹುಟ್ಟಲಿಲ್ಲ. ಹಸಿವಾಗಿತ್ತು.

ಎಲೆ ಹಾಕಿ ಎರಡು ತುತ್ತು ಉಂಡಿರಬೇಕು, ಪಾರ್ವತಕ್ಕ ಬಂದರು. ಕಾಲು ತೊಳೆಯುತ್ತ ಅಂಗಳದಲ್ಲಿ ಉಳಿದಿದ್ದ ಹುಂಜವನ್ನು, ಅದರ ಕತ್ತರಿಸದ ಉಗುರನ್ನು ನೋಡಿದರು. ಬಂದು ಬಾಗಿಲಲ್ಲಿ ನಿಂತರು.

"ಯಾರು ಹಿಡಿದಿದ್ದು?"

"ನಾನೇ ಅಕ್ಕ."

"ಯಾವ ಕಾಲು ನೋಡಿದ್ಯೋ?"

ನಾನು ನನ್ನ ಬಲಗೈ ಎತ್ತಿ ತೋರಿಸಿದೆ. ಕೈ ಯಾಕೆ ತೋರಿಸಿದೆನೋ.

ಶಾರದೆ ಸೌಟು ಹಿಡಿದು ನಿಂತಲ್ಲೇ ಹರಕೆಯ ವಿಷಯ ಹೇಳಿಬಿಟ್ಟಳು. ಸೈನಿಕರಲ್ಲಿ ಹಿರಿಯರು, ಹವಾಲ್ದಾರರಾಗಿದ್ದವರು, ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತರು. ಕೊನೆಗೆ ನುಂಗಿ, "ತಪ್ಪಾಯ್ತಮ್ಮ. ಗೊತ್ತಿದ್ದಿದ್ರೆ ಮುಟ್ತಿರ್ಲಿಲ್ಲ. ನಾನೂ ಆ ಯುದ್ಧದಲ್ಲಿ ಸೆರೆ ಸಿಕ್ಕಿದವನೇ. ಎಷ್ಟೋ ತಿಂಗಳಾದ್ಮೇಲೆ ಬಿಟ್ರು" ಎಂದರು.

ಪಾರ್ವತಕ್ಕ ಅವರ ಎದುರು ನೆಲದ ಮೇಲೆ ಕೂತರು. "ಅಲ್ಲಿ ನಮ್ಮ ವಾಸು ಇದ್ನಾ?"

"ನಾನು ನೋಡಿಲ್ಲಮ್ಮ. ಸುಳ್ಳು ಹೇಳಕ್ಕಾಗಲ್ಲ."

ಪಾರ್ವತಕ್ಕ ಕೇಳಿದರು, "ನೀವು ಮನೆಗೆ ಬಂದ ದಿನ ಏನು ಅಡುಗೆ ಮಾಡಿದ್ರು?"

ಹವಾಲ್ದಾರರು ಯೋಚಿಸಿದರು. "ಏನೂ ಇಲ್ಲ. ನಾನು ಬರೋದು ಅವರಿಗೆ ಗೊತ್ತಿರ್ಲಿಲ್ಲ. ತಂಗಳು ರೊಟ್ಟಿ ಇತ್ತು."

ಪಾರ್ವತಕ್ಕ ಎದ್ದು ಶಾರದೆಯ ಕೈಯಿಂದ ಸೌಟು ತೆಗೆದುಕೊಂಡರು. ತೊಡೆಯ ತುಂಡನ್ನು ಹುಡುಕಿ ಅವರ ಎಲೆಗೆ ಹಾಕಿದರು. "ಊಟ ಮಾಡಿ. ಸೆರೆಯಿಂದ ಬಂದವರಿಗೇ ಬಡಿಸಿದ್ದು." ನನ್ನ ಎಲೆಯ ಹತ್ತಿರ ಬಂದಾಗ, "ನಿಂಗೆ ಸಾರು ಸಾಕು" ಎಂದರು.

ಸನ್ಮಾನದ ಮಾತು ಬಂದದ್ದು ಎಲೆಯಡಿಕೆಯ ಹೊತ್ತಿಗೆ. "ನನ್ನನ್ನ ಸತ್ತವರ ಮನೆಯವರ ಸಾಲಲ್ಲಿ ಕೂರಿಸ್ತೀರಾ?" ಎಂದು ಪಾರ್ವತಕ್ಕ ಕೇಳಿದರು. ಹವಾಲ್ದಾರರು ತಡವರಿಸಿ, "ನನ್ನ ಪಕ್ಕ ಕೂತ್ಕೊಳ್ಳಿ" ಎಂದರು. ಸನ್ಮಾನದ ದಿನ ಪಾರ್ವತಕ್ಕ ಹಾಗೇ ಹೋಗಿ ಕೂತು, ಶಾಲು ಹೊದೆಸಿಕೊಂಡು ಬಂದರು.

ನನಗೆ ಮಾತ್ರ ತಲೆ ಕೆಟ್ಟುಹೋಯಿತು. ಹರಕೆ ತೀರಿತೆಂದರೆ ವಾಸಣ್ಣ ಬಂದಿಲ್ಲ. ತೀರಲಿಲ್ಲವೆಂದರೆ ನಾವು ತಿಂದದ್ದು ಏನು? ವಾರ ಬಿಟ್ಟು ಹೋದಾಗ ಪಾರ್ವತಕ್ಕ ಉಳಿದ ಹುಂಜವನ್ನು ಕಂಕುಳಲ್ಲಿ ಹಿಡಿದು ಉಗುರು ಕತ್ತರಿಸುತ್ತಿದ್ದರು. "ಹರಕೆ ತೀರ್ಲಿಲ್ವಾ ಅಕ್ಕ?" ಎಂದೆ.

"ಅದು ಆ ಹವಾಲ್ದಾರರ ಹರಕೆ ಮಾರಾಯ. ಅವರ ಮನೇಲಿ ಹೊತ್ಕೊಳ್ಳೋಕೆ ಮರ್ತಿದ್ರು, ನಮ್ಮಲ್ಲಿ ತೀರ್ತು. ನಂದು ಹಂಗೇ ಇದೆ."

ಪಾರ್ವತಕ್ಕ ಹೋದ ವರ್ಷ ತೀರಿಕೊಂಡರು. ತಿಥಿಯೂಟ ಮುಗಿದ ಮರುದಿನ ಶಾರದೆ ಒಂದು ಬುಟ್ಟಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಒಳಗೆ ಹುಂಜ. "ನಿಮಗೇ ಕೊಡ್ಬೇಕಂತೆ. ತಿಂದೋರೇ ಸಾಕ್ಲಿ ಅಂದಿದ್ರು ಅತ್ತೆ."

ವಾಸಣ್ಣ ಇದ್ದರೆ ಈಗ ಎಪ್ಪತ್ತೈದು ದಾಟಿರಬೇಕು. ನಾನು ಅವರನ್ನು ನೋಡಿದವನೇ ಅಲ್ಲ. ಅವರು ಬಂದರೂ ನಮ್ಮ ಮನೆಗೆ ಯಾಕೆ ಬರುತ್ತಾರೆ? ಬಂದರೆ ಏನೆಂದು ಪರಿಚಯ ಹೇಳಿಕೊಳ್ಳಲಿ? ಆದರೂ ವರ್ಷವೆಲ್ಲ ಉಗುರು ಕತ್ತರಿಸಿದೆ.

ಆ ಹುಂಜ ಕಳೆದ ವಾರ ವಯಸ್ಸಾಗಿ ಸತ್ತಿತು. "ಸದ್ಯ, ಇಲ್ಲಿಗೆ ಮುಗೀತಲ್ಲ" ಎಂದಳು ನನ್ನ ಹೆಂಡತಿ. ನಾನೂ ಹೂಂ ಎಂದೆ.

ಮೊನ್ನೆ ನನ್ನ ಕಾಲುಗುರು ಮುಗಿಸಿ ಎದ್ದವನು, ಕತ್ತರಿ ಕೈಯಲ್ಲೇ ಇತ್ತು, ಅಂಗಳದಲ್ಲಿದ್ದ ಎಳೆಯ ಹುಂಜವೊಂದನ್ನು ಹಿಡಿದೆ. ತಲೆಕೆಳಗೆ ಮಾಡಿದೆ. ಬಲಗಾಲು ಯಾವುದೆಂದು ಮತ್ತೆ ಗೊಂದಲವಾಯಿತು. ಎರಡೂ ಕಾಲಿನ ಉಗುರು ಕತ್ತರಿಸಿ ಬಿಟ್ಟೆ.