ಡಾಂಬರು ತುಂಬುವ ಸೂಗಮ್ಮ

ಗಾರೆ ಕೆಲಸದ ಅಬ್ದುಲ್ ಗನಿ ಉಸ್ತಾದರು ತೀರಿಕೊಂಡರೆಂಬ ಸುದ್ದಿ ಶಹಾಬಾದಿಗೆ ಮುಟ್ಟಿದ್ದು ಪುಷ್ಯ ಮಾಸದ ಒಂದು ನಸುಕಿನಲ್ಲಿ. ಸೂಗಮ್ಮ ಆಗ ರೇವಣಸಿದ್ದಯ್ಯ ಸಾಹುಕಾರರ ಲಾರಿ ಶೆಡ್ಡಿನಲ್ಲಿ ಮೊಣಕಾಲೂರಿ ಕುಳಿತು, ಹೊಸ ಕಾಂಕ್ರೀಟಿನ ನೆಲದಲ್ಲಿ ಹುದುಗಿದ್ದ ಕಟ್ಟಿಗೆಯ ಪಟ್ಟಿಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ನಾಲವಾರದಿಂದ ಬಂದ ಡ್ರೈವರನೊಬ್ಬ ಬಾಗಿಲಲ್ಲೇ ನಿಂತು, ಉಸ್ತಾದರು ಜ್ವರ ಬಂದು ಹೋದರು, ನಿನ್ನೆಯೇ ಮಣ್ಣೂ ಆಯಿತು ಎಂದ. ಸೂಗಮ್ಮ ಅವನ ಮುಖ ನೋಡಿದಳು, ಕೈಯೊಳಗಿನ ಪಟ್ಟಿ ನೋಡಿದಳು, ಮತ್ತೆ ಮುಂದಿನ ಪಟ್ಟಿಗೆ ಉಳಿ ಹಾಕಿದಳು. ಅಳು ಬರಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು.

"ಹಂಗಾದ್ರ ಈ ಸಂದಿಗಿ ಏನ್ ಹಾಕೂದು?"

ಆ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಒಬ್ಬರೇ ಇದ್ದರು.

ಸೂಗಮ್ಮನ ತವರು ಮಳಖೇಡ. ಗಂಡ ಶಹಾಬಾದಿನ ಖಣಿಯಲ್ಲಿ ಕಲ್ಲು ಸೀಳುತ್ತಿದ್ದ. ಬಂಡೆ ಉರುಳಿ ಅವನ ಕಾಲು ಹೋದ ಮೇಲೆ ಮನೆಯ ಭಾರ ಇವಳ ಹೆಗಲಿಗೆ ಬಂತು. ಹೆಣ್ಣಾಳಿಗೆ ಬುಟ್ಟಿ ಹೊರುವುದಷ್ಟೇ ಕೆಲಸ ಎನ್ನುವ ಕಾಲದಲ್ಲಿ ಉಸ್ತಾದರು ಕೈಗೆ ಕರಣೆ ಕೊಟ್ಟು ಫರಸಿಯ, ಅಂದರೆ ಹಾಸುಗಲ್ಲಿನ, ಸಂದು ತುಂಬಲು ಕಲಿಸಿದರು. ಈ ಊರಲ್ಲಿ ನೆಲಕ್ಕೆ, ಗೋಡೆಗೆ, ಮಾಳಿಗೆಗೆ ಎಲ್ಲಕ್ಕೂ ಫರಸಿಕಲ್ಲೇ. ಎರಡು ಕಲ್ಲಿನ ನಡುವೆ ಇರುವೆ ನುಸುಳುವಷ್ಟೂ ಸಂದು ಬಿಡಬಾರದೆಂದು ಉಸ್ತಾದರು ಸಾರಿ ಸಾರಿ ಹೇಳುತ್ತಿದ್ದರು.

ಅಂಥವರೇ ಸಾಹುಕಾರರ ಶೆಡ್ಡಿನ ನೆಲದಲ್ಲಿ ಬೆರಳಗಲ ಸಂದು ಬಿಟ್ಟು ಹೋಗಿದ್ದರು. ಲಾರಿ ಎತ್ತುವ ಜಾಕಿಯ ಕೆಳಗೆ ಫರಸಿ ಸೀಳುತ್ತದೆಂದು ಸಾಹುಕಾರರು ಕಾಂಕ್ರೀಟು ಕೇಳಿದ್ದರು. ಉಸ್ತಾದರು ಆ ಕೆಲಸವನ್ನು ಎಲ್ಲೋ ಕಾರಖಾನೆಯ ಗೋದಾಮಿನಲ್ಲಿ ಕಂಡು ಬಂದಿದ್ದರು. ಮಾತು ಕಡಿಮೆ. ಪಟ್ಟಿ ಇಟ್ಟು ಕಾಂಕ್ರೀಟು ಸುರಿದರು, ನಾ ಬರೂತನ ಪಟ್ಟಿ ತಗದಿಡು ಎಂದರು, ತಮ್ಮೂರು ನಾಲವಾರಕ್ಕೆ ರೈಲು ಹತ್ತಿದರು.

ಆ ಸಂದು ಯಾಕೆಂದು ಸಾಹುಕಾರರಿಗೂ ತಿಳಿಯಲಿಲ್ಲ, ಸೂಗಮ್ಮನಿಗೂ ತಿಳಿಯಲಿಲ್ಲ. ಸಂದು ಎಂದರೆ ತುಂಬಬೇಕಾದದ್ದು, ತುಂಬುವುದು ಸಿಮೆಂಟಿನಿಂದ ಎಂಬುದಷ್ಟೇ ಇಬ್ಬರಿಗೂ ಗೊತ್ತಿದ್ದದ್ದು. ಸಾಹುಕಾರರು ತುಂಬು ಎಂದರು. ಗುರುವಿನ ಅರ್ಧ ಕೆಲಸ ಮುಗಿಸುವುದು ಪುಣ್ಯವೆಂದುಕೊಂಡು ಇವಳು ಗಟ್ಟಿಯಾಗಿ ತುಂಬಿದಳು. ಮೇಲೆ ನೀರು, ಎಣ್ಣೆ ಇಳಿಯದಂತೆ ಅಗಸೆ ಎಣ್ಣೆ ಕಾಯಿಸಿ, ಒಲೆಯಿಂದ ದೂರ ಒಯ್ದು ಆರಿಸಿ, ಚಿಮಣಿ ಎಣ್ಣೆ ಬೆರೆಸಿ ಬಟ್ಟೆಯಿಂದ ತಿಕ್ಕಿದಳು. ನೆಲ ಮಿಂಚಿತು.

ಚೈತ್ರದ ಒಂದು ಮಧ್ಯಾಹ್ನ ಶೆಡ್ಡಿನೊಳಗೆ ಕಲ್ಲು ಸಿಡಿದ ಹಾಗೆ ಸದ್ದಾಯಿತು. ಬಂದು ನೋಡಿದರೆ ಸಂದಿನ ಅಂಚುಗಳು ಒಂದನ್ನೊಂದು ಒತ್ತಿ ಎದ್ದು ನಿಂತಿವೆ, ಹಲವು ಕಡೆ ಚಕ್ಕೆ ಹಾರಿದೆ. ಉಸ್ತಾದರು ಕಲಸಿದ ಕಾಂಕ್ರೀಟೇ ಕೆಟ್ಟಿತ್ತೆಂದು ಸಾಹುಕಾರರು ಊರೆಲ್ಲ ಹೇಳಿದರು. ಫರಸಿ ಹಾಸುವ ಮಜೀದಸಾಬ ಇವಳ ಮುಂದೆಯೇ ನಕ್ಕ.

"ಕಡೀಗಿ ಮುದುಕನ ಕೈ ನಡಗಾಕತ್ತಿತ್ತು ಬಿಡು, ಸೂಗವ್ವ. ಕಲ್ಲಿನ ಊರಾಗ ಹಿಟ್ಟು ಕಲಸಲಿಕ್ಕ ಹೋದ."

ಆ ಮಾತು ಅವಳಿಗೆ ಉಣ್ಣಗೊಡಲಿಲ್ಲ. ತಪ್ಪು ಉಸ್ತಾದರದೋ, ತನ್ನದೋ? ತನ್ನದಾದರೆ ಯಾವುದು? ತುಂಬಿದ್ದು ತಪ್ಪೆನ್ನುವುದು ಹೇಗೆ? ಬದುಕಿರುವ ತನಕ ಯಾರೂ ಬೆರಳು ತೋರಿಸದಿದ್ದ ಮನುಷ್ಯನ ಹೆಸರು ಸತ್ತ ಮೇಲೆ ಕೆಡುತ್ತಿತ್ತು. ಅದು ತನ್ನ ಕೈಯಿಂದಲೇ ಕೆಟ್ಟಿತೇನೋ ಎಂಬ ದಿಗಿಲು ಬೇರೆ.

ಸಾವಿಗೆ ಹೋಗಲಾಗದವಳು ಆಗ ನಾಲವಾರಕ್ಕೆ ಹೋದಳು. ಉಸ್ತಾದರ ಹೆಂಡತಿ ಹಸೀನಾಬೇಗಂ ಚಹಾ ಕೊಟ್ಟು, ಮೂಲೆಯಿಂದ ಒಂದು ಚೀಲ ಎಳೆದು ತಂದಳು. ಒಳಗೆ ಸಣಬಿನ ಹಗ್ಗದ ಸುರುಳಿ, ಡಾಂಬರಿನ ಡಬ್ಬಿ.

"ಇದು ನೀ ಒಯ್ಯವ್ವ. ಇದರ ವಾಸನಿಗಿ ಬೆಕ್ಕು ಸೈತ ಮನಿ ಬಿಟ್ಟು ಹೋಗ್ಯಾದ. ಜ್ವರದಾಗೂ ಅದೇ ಧ್ಯಾನ. ಶಹಾಬಾದದಾಗ ಸಂದು ಖಾಲಿ ಬಿದ್ದಾವ, ಇದು ತುಂಬಬೇಕು ಅಂತಿದ್ರು."

ಸೂಗಮ್ಮ ಅಲ್ಲಿಯೇ ಅತ್ತಳು. ಸುದ್ದಿ ಕೇಳಿದ ದಿನ ಬಾರದ ಅಳು ಅದು.

ಮರುದಿನ ಚೀಲ ಹೊತ್ತು ಶೆಡ್ಡಿಗೆ ಬಂದು, ಸಂದಿನ ಸಿಮೆಂಟು ಒಡೆಯುತ್ತೇನೆ ಎಂದಳು. ಒಡೆದದ್ದನ್ನೇ ಮತ್ತೆ ಒಡೆಯುವೆಯಾ ಎಂದು ಸಾಹುಕಾರರು ಸಿಡುಕಿದರು.

"ಕೆಟ್ಟದ್ದು ಉಸ್ತಾದರ ನೆಲ ಅಲ್ರಿ ಸಾಹುಕಾರ್ರ, ನಾವು ತುಂಬಿದ್ದು. ನೀವು ಹೇಳಿದ್ರಿ, ನಾ ತುಂಬಿದೆ. ಊರಾಗ ಹಂಗ ಹೇಳ್ರಿ."

ಸಾಹುಕಾರರು ಎದ್ದು ನಿಂತ ಅಂಚನ್ನು ಕಾಲಿನಿಂದ ಒತ್ತಿ ನೋಡಿ, ಒಡಿ ಎಂದರು. ಉಳಿ ಹಿಡಿದು ಸಿಮೆಂಟು ತೆಗೆದು, ಮುರಿದ ಅಂಚು ಕಟ್ಟಿ ಒಣಗಿಸಿ, ಸಂದಿನ ತಳಕ್ಕೆ ಹಗ್ಗ ಒತ್ತಿ, ಮೇಲೆ ಬಿಸಿ ಡಾಂಬರು ಹೊಯ್ದಳು. ಅದಾದ ಮೇಲೆ ಎರಡು ಬೇಸಿಗೆ ಹೋಗಿವೆ. ಬಿಸಿಲಿಗೆ ಡಾಂಬರು ತುಸು ಉಬ್ಬುತ್ತದೆ, ಚಳಿಗೆ ಇಳಿಯುತ್ತದೆ, ನೆಲ ಹಾಗೇ ಇದೆ. ಸಾಹುಕಾರರು ಈಗ ಬಂದವರಿಗೆಲ್ಲ, ಇದು ಗನಿ ಉಸ್ತಾದರು ಹಾಕಿದ ನೆಲ, ನಾವೇ ತಿಳಿಯದೆ ಕೆಡಿಸಿದ್ದೆವು ಎನ್ನುತ್ತಾರೆ. ಮಜೀದಸಾಬನೂ ಈಗ ನಗುವುದಿಲ್ಲ.

ಇಂದು ವಾಡಿಯಲ್ಲಿ, ಚಿತ್ತಾಪುರದಲ್ಲಿ ಎಲ್ಲಿ ಲಾರಿ ಶೆಡ್ಡು ಎದ್ದರೂ ಸೂಗಮ್ಮನಿಗೆ ಕರೆ ಬರುತ್ತದೆ. ಬೆಳಕು ಹರಿಯುವ ಮುಂಚೆ ಒಲೆ ಹೂಡುತ್ತಾಳೆ. ಬಿಸಿಲೇರುವುದರೊಳಗೆ ಎರಡು ಡಬ್ಬಿ ಡಾಂಬರು ಸಂದು ಸೇರುತ್ತದೆ. ಮುಂಗೈ ತುಂಬ ಸುಟ್ಟ ಕಲೆ. ಸಂದು ಯಾಕೆ ಬೇಕು ಎಂದು ಕೇಳಿದರೆ ಇಂದಿಗೂ ತಡವರಿಸುತ್ತಾಳೆ.

"ನೆಲ ಬಿಸಲಿಗಿ ಹಿಗ್ಗತದ ಅಂತಾರ್ರಿ. ಬಿದ್ದಲ್ಲೇ ಬಿದ್ದ ನೆಲ ಹ್ಯಾಂಗ ಹಿಗ್ಗತದೋ ನನಗ ಇನ್ನೂ ತಿಳಿವಲ್ದು. ಉಸ್ತಾದರು ತಂದಿಟ್ಟಿದ್ರು, ನಾ ತುಂಬಾಕತ್ತೀನಿ."

ನಾಲವಾರಕ್ಕೆ ಹೋದಾಗೆಲ್ಲ ಖಬರಸ್ತಾನದ ಗೋಡೆಯ ಹೊರಗೆ ನಿಲ್ಲುತ್ತಾಳೆ. ಅಲ್ಲಿ ಏನು ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿಲ್ಲ. ಕೊರಳ ಲಿಂಗವನ್ನು ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ತನಗೆ ತಿಳಿದಂತೆ ಬೇಡಿಕೊಳ್ಳುತ್ತಾಳೆ.

"ಶಿವನೇ, ಅವರು ನಿನ್ನ ಯಾವ ಹೆಸರಿಲೆ ಕರೀತಿದ್ರೋ ಆ ಹೆಸರು ನನ್ನ ಬಾಯಿಗಿ ಬರಂಗಿಲ್ಲ. ನಿನಗ ಗೊತ್ತದ. ನಮ್ಮ ಉಸ್ತಾದರು ಭಾಳ ದಣದಾರ. ಅವರ ಜೀವಕ್ಕ ಶಾಂತಿ ಕೊಡು."