ಇಪ್ಪತ್ತೆರಡು ಚೌಕದ ದಾರಿ

ಕಾಣಕೋಣಕ್ಕೆ ಹೋಗುವ ಗುಡ್ಡದ ತಿರುವಿನಲ್ಲಿ ನನ್ನ ಟೆಂಪೊ ನಿಂತೇಬಿಟ್ಟಿತು. ಡೀಸೆಲ್ ಖಾಲಿ. ಹಿಂದೆ ತಂಗಿಯ ಮದುವೆಯ ಇಡೀ ಅಡುಗೆ.

ಎಂಬತ್ತರ ದಶಕದ ಕೊನೆಯ ಮಾತು. ಮದುವೆ ಕಾಣಕೋಣದ ಗುಡಿಯಲ್ಲಿ, ಅಡುಗೆ ಕೆಪೆಯಲ್ಲಿ, ದುಡಿಯಲು ರಾಜ್ಯದ ಗಡಿ ದಾಟಿ ಬಂದ ನಮ್ಮ ಮಂದಿಯ ಓಣಿಯಲ್ಲಿ.

ಪಕ್ಕದಲ್ಲಿ ಕೂತವನು ಅಡುಗೆಯ ಸಿದ್ದಪ್ಪ ಕಾಕಾ. ಮಿಲಿಟರಿಯಲ್ಲಿ ಅಡುಗೆ ಮಾಡಿ ರಿಟೈರ್ ಆದವನು. ಸಾಹೇಬರಿಗೆ ಚಹಾ ಕೊಡಲು ಹೋದಾಗ ಅವರ ನಕಾಶೆ ನೋಡಿದ್ದನಂತೆ... ಒಂದು ಚೌಕ ಅಂದರೆ ಒಂದು ಕಿಲೋಮೀಟರ್. ಅಷ್ಟೇ ಅವನ ವಿದ್ಯೆ.

ಆಗ ಓಣಿಯಲ್ಲೆಲ್ಲ ವಿಡಿಯೊ ಹುಚ್ಚು. ಯುದ್ಧದ ಸಿನಿಮಾದಲ್ಲಿ ಹೀರೊ ನಕಾಶೆಯ ಮೇಲೆ ಬೆರಳಿಟ್ಟು "ದುಶ್ಮನ್ ಪಾಂಚ್ ಕಿಲೋಮೀಟರ್" ಅಂದದ್ದೇ ತಡ, ಊರಿಂದ ಮೈಲಿ ಲೆಕ್ಕ ತಂದಿದ್ದ ನಮ್ಮ ಮಂದಿಯೆಲ್ಲ ಕಿಲೋಮೀಟರ್ ಮಾತಾಡತೊಡಗಿದರು. ಸಿದ್ದಪ್ಪನೂ ಟೂರಿಸ್ಟರ ನಕಾಶೆಯೊಂದನ್ನು ತಂದು, ಪಟ್ಟಿ ಹಿಡಿದು ಚೌಕ ಎಳೆದುಬಿಟ್ಟ.

"ಗುಡ್ಡದ ದಾರಿ ಹಿಡಿ ತಮ್ಮಾ. ಎಣಿಸೇನಿ, ಬರೇ ಇಪ್ಪತ್ತೆರಡು ಚೌಕ," ಎಂದ ಹೊರಡುವಾಗ.

ಬಂಕಿನಲ್ಲಿ ಉದ್ದ ಸಾಲು. ಇಪ್ಪತ್ತೆರಡೇ ಕಿಲೋಮೀಟರ್ ತಾನೆ ಎಂದು ಡೀಸೆಲ್ ಹಾಕಿಸದೆ ಬಂದೆ.

ಆ ಮಹಾಶಯ ನೆಟ್ಟಗೆ ಗೆರೆ ಎಳೆದು ಎಣಿಸಿದ್ದ. ದಾರಿಯೋ, ಸುತ್ತಿ ಸುತ್ತಿ ಮುಗಿಯುವುದೇ ಇಲ್ಲ!

"ಕಾಕಾ, ನಿನ್ನ ಚೌಕದಾಗ ಗುಡ್ಡ ಎಲ್ಲಿ ಅದಾವು?" ಎಂದು ಕೂಗಿದೆ.

"ನಕಾಶಿ ಸಪಾಟ ಇರ್ತೈತಿ. ನಾ ಏನ್ ಮಾಡ್ಲಿ?"

ಕೊರಳಿಗೆ ಕೈ ಹಾಕುವುದೊಂದೇ ಬಾಕಿ.

ಅಷ್ಟರಲ್ಲಿ ಹಿಂದೆ ಹಾರ್ನ್. ನೋಡಿದರೆ ಪರ್ವರಿಯಿಂದ ಬಂದ ಬೀಗರ ಬಸ್ಸು! ಬೆಳಿಗ್ಗೆ ನಮ್ಮ ಓಣಿಯಲ್ಲಿ ಚಹಾಕ್ಕೆ ನಿಂತಾಗ ಅವರಿಗೂ ಇದೇ ದಾರಿ ಹೇಳಿದ್ದಾನೆ ಪುಣ್ಯಾತ್ಮ.

ವರನ ಅಪ್ಪ, ಚಹಾ ತಣ್ಣಗಿತ್ತು ಎಂದು ಹಿಂದೊಂದು ಸಂಬಂಧ ಮುರಿದ ಮನುಷ್ಯ. ಈಗ ಬಸ್ಸು ತಿರುಗಿಸಿ ಅಂದರೆ ತಂಗಿಯ ಗತಿ?

ಇಳಿದವನೇ ಶುರು ಮಾಡಿದ. "ಹುಡುಗೂರು ಹಸ್ತು ಅಳಾಕತ್ತಾವು! ಇದೇನ್ರಿ ಮರ್ಯಾದಿ?"

ನನ್ನ ಬಾಯಿಗೂ ಬೈಗುಳ ಬಂದಿತ್ತು, ಬಿಡುವವನಿದ್ದೆ. ಸಿದ್ದಪ್ಪ ಹುಗ್ಗಿ ಹಂಡೆಯ ಮುಚ್ಚಳ ತೆಗೆದ. ಗುಡ್ಡದ ತುಂಬ ಬೆಲ್ಲ, ತುಪ್ಪದ ವಾಸನೆ...

"ಬರ್ರಿ ಬೀಗ್ರ. ಫೌಜಿನ್ಯಾಗ ಗಾಡಿ ನಿಂತಲ್ಲೇ ಊಟ!"

ಬಾಸಿಂಗ ಕಟ್ಟಿದ ಮದುಮಗನೇ ಮೊದಲು ಎಲೆ ಹಿಡಿದು ನಿಂತ. ಗೋಡಂಬಿ ಗಿಡದ ನೆರಳಲ್ಲಿ ಪಂಕ್ತಿ ಕೂತೇಬಿಟ್ಟಿತು.

ವರನ ಅಪ್ಪ ಮುಖ ಗಂಟಿಕ್ಕಿಕೊಂಡೇ ಕೂತ. ಗಂಟಿಕ್ಕಿಕೊಂಡೇ ಎರಡನೇ ಸಲ ಹುಗ್ಗಿ ಹಾಕಿಸಿಕೊಂಡ.

"ಅಡಿಗಿ ಚಲೋ ಐತಿ. ನಕಾಶಿ ಒಲಿಗೆ ಹಾಕ್ರಿ," ಎಂದ.

ನನಗೆ ಹೋದ ಜೀವ ಬಂತು. ಉಂಡ ಮಂದಿಯೇ ಟೆಂಪೊ ಬದಿಗೆ ತಳ್ಳಿ, ಬಸ್ಸು ಮುಂದೆ ತಂದು, ಅದರ ಹಿಂದೆ ಟೆಂಪೊವನ್ನು ಹಗ್ಗದಿಂದ ಕಟ್ಟಿ ಎಳೆದುಕೊಂಡು ಹೋದರು.

ಗುಡಿಯ ಬಾಗಿಲಲ್ಲಿ ತಂಗಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ, ಅರಿಸಿನದ ಮೈಯಲ್ಲಿ, ಬೆಳಿಗ್ಗೆಯಿಂದ ಉಪವಾಸ. "ಎಲ್ಲಾರ ಬಾಯಾಗೂ ತುಪ್ಪದ ವಾಸನಿ ಐತಿ. ನನಗೇನರ ಉಳಿಸೀರೋ ಇಲ್ಲೋ?"

ಅಕ್ಷತೆ ಬೀಳುವ ಮೊದಲೇ ಬೀಗರು ಉಂಡು ತೇಗಿದ ಮದುವೆ ನಿಮ್ಮ ಪೈಕಿ ಯಾರದ್ದಾದರೂ ಆಗಿದೆಯೇನು?