ಪೈಪಿನೊಳಗೆ ಹೋದ ಜೀಪು

1986ರಲ್ಲಿ ಉಡುಪಿಯಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇತ್ತು. ಸುಟ್ಟುಹೋದ ಪಂಪು, ಫ್ಯಾನು, ಗ್ರೈಂಡರುಗಳ ಮೋಟಾರ್ ಬಿಚ್ಚಿ, ಕರಕಲಾದ ತಾಮ್ರದ ತಂತಿ ತೆಗೆದು, ಹೊಸ ತಂತಿ ಸುತ್ತಿ ಕೊಡುವುದು ನನ್ನ ಕೆಲಸ. ಆಗ ನನಗೆ ಮೂವತ್ತನಾಲ್ಕು ವರ್ಷ. ಕೆಲಸದ ಬಗ್ಗೆ ನನಗೊಂದು ಜಂಬವಿತ್ತು. ನನ್ನ ಮೇಜಿನಿಂದ ಹೊರಟ ಯಾವ ಮೋಟಾರಿನಲ್ಲೂ ಒಂದು ತುಂಡು ತಂತಿ ಜೋತಾಡುತ್ತಿರಲಿಲ್ಲ. ಜೋತಾಡುವ ತಂತಿ ಎಲ್ಲಿಯಾದರೂ ತಾಗಿದರೆ ಮೋಟಾರ್ ಮತ್ತೆ ಸುಡುತ್ತದೆ. ಹಾಗಾಗಿ ಉಳಿದ ಬಾಲ ಕಂಡರೆ ಸಾಕು, ನನ್ನ ಕೈ ತಾನಾಗಿ ಕಟರಿಗೆ ಹೋಗುತ್ತಿತ್ತು. ಧೈರ್ಯದ ವಿಷಯದಲ್ಲಿ ಮಾತ್ರ ಜಂಬಪಡುವಂಥದ್ದು ಏನೂ ಇರಲಿಲ್ಲ. ನಾನು ಹೆದರುಪುಕ್ಕಲ ಎಂಬುದು ನನ್ನ ಹೆಂಡತಿಗೂ ನಮ್ಮ ಓಣಿಯ ನಾಯಿಗಳಿಗೂ ಗೊತ್ತಿದ್ದ ಸಂಗತಿ.

ಆ ವರ್ಷದ ಆರಂಭದಲ್ಲಿ ಕಾಮತ್ ಸರ್ ಅಂಗಡಿಗೆ ಬಂದರು. ಅವರು ಮಣಿಪಾಲದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕರು, ನನ್ನ ಹಳೆಯ ಗಿರಾಕಿ. ಬಹರೈನಿನಲ್ಲಿದ್ದ ಅವರ ತಮ್ಮ ರಜೆಗೆ ಬರುವವರಿದ್ದರು. ಕಾಲೇಜಿನ ವಸ್ತುಪ್ರದರ್ಶನಕ್ಕೆಂದು ಕಲ್ಲುಬಂಡೆ ಹತ್ತುವ ರೇಡಿಯೋ ಕಂಟ್ರೋಲ್ ಗಾಡಿಯ ಕಿಟ್ ತರಿಸಬೇಕೆಂಬುದು ಸರ್ ಅವರ ಆಸೆ. ಕಿಟ್ ಎಂದರೆ ಬಿಡಿಭಾಗಗಳ ಪೆಟ್ಟಿಗೆ. ಜೋಡಿಸಿಕೊಳ್ಳುವುದು ನಮ್ಮ ಪಾಡು. ತಮ್ಮ ಕಳುಹಿಸಿದ್ದ ಎರಡು ಬಣ್ಣದ ಹಾಳೆಗಳನ್ನು ಅವರು ನನ್ನ ಮೇಜಿನ ಮೇಲೆ ಹರಡಿದರು. ಒಂದರಲ್ಲಿ ನೆಲಕ್ಕೆ ಅಂಟಿಕೊಂಡಂತಿದ್ದ ಕೆಂಪು ರೇಸಿಂಗ್ ಕಾರು, ಇನ್ನೊಂದರಲ್ಲಿ ದಪ್ಪ ಟಯರಿನ ಕುಳ್ಳ ಜೀಪು.

"ಯಾವುದು ತರಿಸುವುದು ಮಾರಾಯ? ಕಾರು ಚಂದ ಉಂಟು ಅಲ್ವಾ?"

"ಚಂದ ಉಂಟು ಸರ್. ಆದರೆ ಕಲ್ಲು ಹತ್ತುವುದಿಲ್ಲ" ಎಂದೆ. ಜೀಪಿನ ನಾಲ್ಕೂ ಚಕ್ರಗಳಿಗೆ ಎಳೆತವಿತ್ತು, ಹೊಟ್ಟೆ ನೆಲದಿಂದ ಎತ್ತರವಿತ್ತು, ಗೇರು ದೊಡ್ಡದಿತ್ತು. ಅಂತೂ ಜೀಪೇ ಬಂತು. ಉದ್ದ ಒಂದೂಕಾಲು ಅಡಿ, ಬ್ಯಾಟರಿ 7.2 ವೋಲ್ಟ್.

ಜೋಡಿಸಿ ಓಡಿಸಿದಾಗ ಗೊತ್ತಾಯಿತು, ಗಾಡಿ ಸರಿಯಾಗಿತ್ತು, ಮೋಟಾರ್ ಸರಿಯಿರಲಿಲ್ಲ. ಅದು ಓಟದ ಮೋಟಾರ್. ಕಲ್ಲಿನ ಮುಂದೆ ನಿಲ್ಲಿಸಿ ರಿಮೋಟಿನ ಕಡ್ಡಿ ಮುಟ್ಟಿದರೆ ಜೀಪು ನೆಗೆದು ಅಂಗಾತ ಬೀಳುತ್ತಿತ್ತು. ಬಿಚ್ಚಿ ನೋಡಿದೆ. ಮೋಟಾರಿನ ಒಳಗೆ ತಿರುಗುವ ಆರ್ಮೇಚರಿನಲ್ಲಿ ಮೂರು ಹಲ್ಲುಗಳು, ಒಂದೊಂದು ಹಲ್ಲಿಗೂ ದಪ್ಪ ತಂತಿಯ ಇಪ್ಪತ್ತೇಳು ಸುತ್ತು. ಸುತ್ತು ಕಡಿಮೆ ಇದ್ದಷ್ಟು ವೇಗ ಹೆಚ್ಚು. ಸುತ್ತು ಹೆಚ್ಚಿಸಿದರೆ ಮೋಟಾರ್ ನಿಧಾನವಾಗುತ್ತದೆ, ಹದಕ್ಕೆ ಸಿಗುತ್ತದೆ. ಹಳೆಯ ತಂತಿ ತೆಗೆದು, 24 ಗೇಜಿನ ತೆಳು ಎನಾಮೆಲ್ ತಂತಿಯಲ್ಲಿ ಅರುವತ್ತು ಸುತ್ತು ಹಾಕಿದೆ. ಎನಾಮೆಲ್ ತಂತಿ ಎಂದರೆ ಮೈಗೆ ಅರಗಿನಂಥ ಲೇಪವಿರುವ ತಾಮ್ರ. ಈಗ ಜೀಪು ಬಸುರಿ ಎಮ್ಮೆಯ ಹಾಗೆ ನಡೆಯತೊಡಗಿತು.

ಮೋಟಾರ್ ಕೂರಿಸಿ ಮುಚ್ಚುವಾಗ ರಿಸೀವರಿನ ಬದಿಯಲ್ಲಿ ಒಂದು ಬಾಲ ಕಂಡಿತು. ರಿಸೀವರ್ ಎಂದರೆ ರಿಮೋಟಿನ ಅಪ್ಪಣೆಯನ್ನು ಗಾಳಿಯಿಂದ ಹಿಡಿದು ಮೋಟಾರಿಗೆ ಮುಟ್ಟಿಸುವ ಪುಟ್ಟ ಡಬ್ಬಿ. ಅದರಿಂದ ಹೊರಟ ಮೂರಡಿಯ ತಂತಿಯ ಇನ್ನೊಂದು ತುದಿ ಎಲ್ಲಿಗೂ ಸೇರಿರಲಿಲ್ಲ. ಚಕ್ರಕ್ಕೆ ಸಿಕ್ಕಿಕೊಂಡೀತೆಂದು ಎರಡು ಬೆರಳಷ್ಟು ಬಿಟ್ಟು ಕತ್ತರಿಸಿದೆ. ಯಾರನ್ನೂ ಕೇಳಲಿಲ್ಲ. ನನ್ನ ಕೈ ಅದನ್ನು ಮಾಡಿತು, ತಲೆಗೆ ಅದು ತಟ್ಟಲೂ ಇಲ್ಲ.

ಕಾಪುವಿನಲ್ಲಿ ದೀಪಸ್ತಂಭದ ಬುಡದ ಬಂಡೆಗಳ ಮೇಲೆ ಮೊದಲ ಪರೀಕ್ಷೆ ನಡೆಯಿತು. ನಾವಿಬ್ಬರೂ ಜೀಪಿನ ಪಕ್ಕದಲ್ಲೇ ನಾಲ್ಕಡಿ ದೂರದಲ್ಲಿ ನಡೆದೆವು, ಅದು ಹೇಳಿದ ಹಾಗೆ ಕೇಳಿತು. ಮೀನು ಒಣಗಿಸುತ್ತಿದ್ದ ಹೆಂಗಸರು ನಮ್ಮಿಬ್ಬರನ್ನು ನೋಡಿ ನಕ್ಕದ್ದೇ ನಕ್ಕದ್ದು. ಮಾರ್ಚ್ ತಿಂಗಳ ಒಂದು ಭಾನುವಾರ ಕಾರ್ಕಳದ ಕರಿಬಂಡೆಯ ಇಳಿಜಾರಿನಲ್ಲಿ ಎರಡನೆಯ ಪರೀಕ್ಷೆ. ಅಲ್ಲಿಯೂ ಪಾಸು. ಖುಷಿಯಲ್ಲಿ ಸರ್ ಅವರ ಕಾರಿನಲ್ಲಿ ಉಡುಪಿಗೆ ಹಿಂದಿರುಗುತ್ತಿದ್ದೆವು. ಹನ್ನೊಂದು ಗಂಟೆಯ ಸುಮಾರಿಗೆ, ಪರ್ಕಳ ಇನ್ನೇನು ಬಂತು ಎನ್ನುವಾಗ, ರಸ್ತೆಯಲ್ಲಿ ಜನ ಗುಂಪುಗಟ್ಟಿದ್ದರು.

ರಸ್ತೆಯಡಿ ನೀರು ಹೋಗಲು ಎರಡಡಿ ಅಗಲದ ಸಿಮೆಂಟ್ ಪೈಪುಗಳನ್ನು ಹೂಳುವ ಕೆಲಸ ನಡೆದಿತ್ತು. ಪೈಪಿನ ಸಂದುಗಳಿಗೆ ಒಳಗಿನಿಂದ ಗಾರೆ ಮೆತ್ತಲು ಶೀನ ಎಂಬ ಕೆಲಸದವನು ಮೇಲಿನ ಬಾಯಿಯಿಂದ ತಲೆ ಮುಂದು ಮಾಡಿ ತೆವಳಿಕೊಂಡು ಹೋಗಿದ್ದ. ಅವನ ಹಿಂದೆ ರಸ್ತೆ ಬದಿಯ ದಿಬ್ಬದ ಮಣ್ಣು ಜರಿದು ಆ ಬಾಯಿ ಮುಚ್ಚಿತು. ಆ ಭಾರಕ್ಕೆ ನಡುವಿನ ಒಂದು ಪೈಪು ಬಿರಿದು ಅವನ ಮುಂದೆಯೂ ಕಲ್ಲುಮಣ್ಣು ಕುಸಿಯಿತು. ಕೆಳಗಿನ ಬಾಯಿಯಿಂದ ಅವನ ತನಕ ಇಪ್ಪತ್ತೈದು ಅಡಿ. ಕಲ್ಲಿನ ರಾಶಿಯ ಮೇಲೆ ಉಳಿದಿದ್ದ ಸಂದು ಒಂದು ಗೇಣು ಮಾತ್ರ.

ಮೇಸ್ತ್ರಿ ಬಿದಿರಿನ ಗಳ ತೂರಿಸಿ ನೋಡಿದ್ದರು. ಅದು ಕಲ್ಲಿಗೆ ಗುದ್ದಿ ಇನ್ನಷ್ಟು ಮಣ್ಣು ಬೀಳಿಸಿತ್ತು. ಪೈಪು ಮತ್ತೆ ಕುಸಿದೀತೆಂದು ಬೇರೆ ಯಾರನ್ನೂ ಒಳಗೆ ಬಿಡುವಂತಿರಲಿಲ್ಲ. ಮೇಲಿನಿಂದ ರಸ್ತೆ ಅಗೆಯಲು ಹತ್ತು ಜನ ಇಳಿದಿದ್ದರು, ಆದರೆ ಅದಕ್ಕೆ ಎರಡು ತಾಸಾದರೂ ಬೇಕು. ಒಳಗೆ ದೂಳು, ಗಾಳಿಯ ಓಡಾಟವಿಲ್ಲ. ಸಂದಿನಿಂದ ಶೀನನ ಕೆಮ್ಮು ಕೇಳುತ್ತಿತ್ತು, ಅದೂ ನಿಧಾನವಾಗುತ್ತಾ ಬಂದಿತ್ತು. ಅವನ ಅಕ್ಕ ಗಿರಿಜ, ಅಲ್ಲಿಯೇ ಮಣ್ಣು ಹೊರುತ್ತಿದ್ದವಳು, ಪೈಪಿನ ಬಾಯಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು "ಶೀನಾ, ಮಾತಾಡು, ಮಾತಾಡು" ಎನ್ನುತ್ತಿದ್ದಳು. ಅಲ್ಲಿ ನಡೆದ ಮಾತೆಲ್ಲ ತುಳುವಿನಲ್ಲಿ, ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೇಸ್ತ್ರಿಯ ಬಳಿ ಮಟ್ಟ ನೋಡುವ ಪ್ಲಾಸ್ಟಿಕ್ ಪೈಪಿತ್ತು, ಕಿರುಬೆರಳು ದಪ್ಪ, ಐವತ್ತಡಿ ಉದ್ದ. ಅದರ ತುದಿ ಶೀನನ ಕೈಗೆ ಸಿಕ್ಕರೆ ಈಚೆಯಿಂದ ಕಾರಿನಲ್ಲಿದ್ದ ಟಯರಿನ ಪಂಪು ಹಾಕಿ ಗಾಳಿ ಊದಬಹುದು. ಮುಟ್ಟಿಸುವುದು ಹೇಗೆ? ಕಾಮತ್ ಸರ್ ನನ್ನ ಮುಖ ನೋಡಿದರು. ನನಗೆ ಅವರ ಮನಸ್ಸಿನಲ್ಲಿದ್ದದ್ದು ತಿಳಿಯಿತು. ಆಟದ ಗಾಡಿ ಬೇರೆ, ಮನುಷ್ಯನ ಜೀವ ಬೇರೆ. ಬೇಡ ಎನ್ನಲು ಬಾಯಿ ತೆರೆದೆ, ಸ್ವರವೇ ಹೊರಡಲಿಲ್ಲ. ಅವರು ಅದನ್ನು ಒಪ್ಪಿಗೆ ಎಂದುಕೊಂಡು ಕಾರಿನ ಡಿಕ್ಕಿ ತೆರೆದರು.

ಜೀಪಿನ ಮೇಲಿನ ಕವಚ ತೆಗೆದಾಗ ಎತ್ತರ ಐದು ಇಂಚಿಗೆ ಇಳಿಯಿತು. ಅದರ ಹಿಂದೆ ನೈಲಾನ್ ಹುರಿ, ಹುರಿಯ ಇನ್ನೊಂದು ತುದಿಗೆ ಪ್ಲಾಸ್ಟಿಕ್ ಪೈಪು ಕಟ್ಟಿದೆವು. ಶೀನ ಹುರಿ ಎಳೆದುಕೊಂಡರೆ ಅದರ ಹಿಂದೆ ಗಾಳಿಯ ಪೈಪು ಹೋಗಬೇಕು. ಓಟದ ಮೋಟಾರ್ ಆಗಿದ್ದರೆ ಕಲ್ಲು ಚಿಮ್ಮಿಸಿ ಇನ್ನಷ್ಟು ಮಣ್ಣು ಬೀಳಿಸುತ್ತಿತ್ತು. ಇದು ಸದ್ದಿಲ್ಲದೆ ಒಳಗೆ ನಡೆಯಿತು. ಒಂದಡಿ, ಮೂರಡಿ, ಆರಡಿ. ನಿಂತೇಬಿಟ್ಟಿತು.

ಸರ್ ರಿಮೋಟನ್ನು ಅತ್ತ ಇತ್ತ ಆಡಿಸಿದರು. ಅದರ ನೆತ್ತಿಯ ಉದ್ದನೆಯ ಲೋಹದ ಸರಳನ್ನು ಪೂರ್ತಿ ಹೊರಗೆಳೆದರು. "ಏರಿಯಲ್ ಪೂರ್ತಿ ಎಳೆದೆ ಮಾರಾಯ, ಆದರೂ ಹೋಗುವುದಿಲ್ಲ. ಎಂತ ಆಯಿತು?"

ಏರಿಯಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಹೊಳೆಯಿತು. ಕಳುಹಿಸುವ ಕಡೆಗೆ ಏರಿಯಲ್ ಇದ್ದರೆ ಹಿಡಿಯುವ ಕಡೆಗೂ ಇರಬೇಕಲ್ಲ! ಆ ಮೂರಡಿಯ ಬಾಲ ಅದೇ. ಬಯಲಿನಲ್ಲಿ, ನಾಲ್ಕಡಿ ದೂರದಲ್ಲಿ, ಎರಡು ಬೆರಳು ತಂತಿ ಹೇಗೋ ಸಾಕಾಗಿತ್ತು. ಮಣ್ಣಿನಡಿಯ ಸಿಮೆಂಟ್ ಪೈಪಿನಲ್ಲಿ ಸಾಲಲಿಲ್ಲ. ಸುತ್ತ ನಿಂತಿದ್ದ ಐವತ್ತು ಜನ ನನ್ನನ್ನೇ ನೋಡುತ್ತಿದ್ದಾರೆ ಎನಿಸಿತು. ನಾನು ಹೇಳಿದ್ದು ಇಷ್ಟು: "ಬ್ಯಾಟರಿ ಇಳಿದಿರಬೇಕು ಸರ್."

ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಹುರಿ ಹಿಡಿದು ಜೀಪನ್ನು ಹಿಂದಕ್ಕೆಳೆದು, ಬ್ಯಾಟರಿ ಬದಲಿಸಿ, ಮತ್ತೆ ಬಿಟ್ಟೆವು. ಅದೇ ಆರಡಿಗೆ ನಿಂತಿತು. ಮತ್ತೆ ಎಳೆದೆವು. ಇಷ್ಟಕ್ಕೆ ಹತ್ತು ನಿಮಿಷ ಹೋಯಿತು. ಒಳಗಿನ ಕೆಮ್ಮು ನಿಂತಿತ್ತು. ಗಿರಿಜ ಕರೆಯುತ್ತಲೇ ಇದ್ದಳು, ಉತ್ತರವಿಲ್ಲ. ಅವಳು ತಿರುಗಿ ನನ್ನ ಕೈ ನೋಡಿದಳು.

"ಅಣ್ಣ, ನಿಮ್ಮ ಕೈ ಯಾಕೆ ಹೀಗೆ ನಡುಗ್ತಾ ಉಂಟು? ಎಂತದೋ ಉಂಟು. ಹೇಳಿ."

ಆ ಮಾತಿಗೆ ನಾನು ಒಡೆದುಹೋದೆ. "ತಪ್ಪು ನನ್ನದು ಸರ್! ರಿಸೀವರಿನ ತಂತಿ ನಾನೇ ಕತ್ತರಿಸಿದ್ದು! ಬ್ಯಾಟರಿ ಅಲ್ಲ!" ಎಂದು ಕಿರುಚಿದೆ. ಪೈಪಿನ ಬಾಯಿಯಲ್ಲೇ ಕೂತಿದ್ದೆನಾಗಿ ನನ್ನ ಸ್ವರ ನನಗೇ ತಿರುಗಿ ಬಡಿಯಿತು.

ಬೈಗುಳಕ್ಕೆ ಕಾದೆ. ಕಾಮತ್ ಸರ್ ಬೈಯಲಿಲ್ಲ. ಒಂದು ಕ್ಷಣ ಕಣ್ಣು ಮುಚ್ಚಿ ತೆರೆದು, "ನಿನ್ನ ಹತ್ತಿರ ಸುತ್ತುವ ತಂತಿ ಎಷ್ಟು ಉಂಟು?" ಎಂದರು.

ಮೋಟಾರ್ ಸುಟ್ಟರೆ ಬೇಕಾದೀತೆಂದು ಒಂದು ಉರುಳೆ ಚೀಲದಲ್ಲಿ ತಂದಿದ್ದೆ. ನೂರಡಿಗೆ ಕಡಿಮೆಯಿರಲಿಲ್ಲ. ಕತ್ತರಿಸಿ ಉಳಿದಿದ್ದ ಎರಡು ಬೆರಳಿನ ತುಂಡಿನ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಸುಲಿದೆ, ಹೊಸ ತಂತಿಯ ತುದಿಯ ಎನಾಮೆಲನ್ನು ಬ್ಲೇಡಿನಿಂದ ಹೆರೆದು ಅದಕ್ಕೆ ಹೊಸೆದೆ. ಹದಿಮೂರು ವರ್ಷ ಮಾಡಿದ ಜೋಡಣೆ ಅದು, ಆ ದಿನ ಮೂರು ಸಲ ಜಾರಿತು. ಜೀಪು ಒಳಗೆ ಹೋದಂತೆ ನಾನು ಉರುಳೆಯಿಂದ ತಂತಿ ಬಿಡುತ್ತಾ ಹೋಗಬೇಕು, ತಂತಿ ಪೈಪಿನ ಉದ್ದಕ್ಕೂ ಬಿದ್ದಿರಬೇಕು, ಸರ್ ರಿಮೋಟನ್ನು ಈಚೆ ತುದಿಯ ತಂತಿಗೆ ಒತ್ತಿ ಹಿಡಿಯಬೇಕು. ಹಾಗೆ ಮಾಡಿದರೆ ಅಪ್ಪಣೆ ತಂತಿಗುಂಟ ಒಳಗೆ ಹೋದೀತು ಎಂಬುದು ಅವರ ಲೆಕ್ಕಾಚಾರ.

ಆರಡಿ ದಾಟಿತು. ಹನ್ನೆರಡು ಅಡಿಗೆ ಕಲ್ಲಿನ ರಾಶಿ ಶುರು. ಟಾರ್ಚಿನ ಬೆಳಕಿನಲ್ಲಿ ಜೀಪು ಮೂತಿ ಎತ್ತಿತು, ಒಂದು ಚಕ್ರ ಗಾಳಿಯಲ್ಲಿ ತಿರುಗಿತು, ಹಿಂದಕ್ಕೆ ಜಾರಿತು. ತಂತಿಯನ್ನು ಸ್ವಲ್ಪ ಬಿಗಿ ಹಿಡಿದರೂ ಜೋಡಣೆ ಕಳಚೀತು, ಸಡಿಲ ಬಿಟ್ಟರೆ ಚಕ್ರಕ್ಕೆ ಸುತ್ತೀತು. ಸರ್ ರಿಮೋಟಿನ ಕಡ್ಡಿಯನ್ನು ಕೂದಲೆಳೆಯಷ್ಟು ಮುಂದೆ ತಳ್ಳಿದರು. ಜೀಪು ಮತ್ತೆ ಹತ್ತಿತು, ಸಂದಿನಲ್ಲಿ ಬಗ್ಗಿತು, ಮರೆಯಾಯಿತು. ಆಮೇಲೆ ಬರೀ ಮೋಟಾರಿನ ಸಣ್ಣ ಗುಂಯ್ ಸದ್ದು. ಅದೂ ನಿಂತಿತು.

ಎಷ್ಟು ಹೊತ್ತು ಕಾದೆವೋ ತಿಳಿಯದು. ಇದ್ದಕ್ಕಿದ್ದಂತೆ ಹುರಿ ಬಿಗಿಯಾಯಿತು. ಯಾರೋ ಎಳೆಯುತ್ತಿದ್ದರು! ಗಿರಿಜ ಬಾಯಿಗೆ ಸೆರಗು ತುರುಕಿಕೊಂಡಳು. ಹುರಿಯ ಹಿಂದೆ ಪ್ಲಾಸ್ಟಿಕ್ ಪೈಪು ಹಾವಿನಂತೆ ಒಳಗೆ ಹೋಯಿತು. ಮೇಸ್ತ್ರಿ ಪಂಪು ಒತ್ತತೊಡಗಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮತ್ತೆ ಕೆಮ್ಮು ಕೇಳಿತು. ಕೆಮ್ಮು ಕೇಳಿ ನಾನು ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ. ಮಧ್ಯಾಹ್ನ ಎರಡು ಗಂಟೆಗೆ ರಸ್ತೆ ಅಗೆದು, ಪೈಪು ಒಡೆದು, ಶೀನನನ್ನು ಮೇಲೆತ್ತಿದರು. ಒಂದು ಕಾಲಿನ ಪಾದ ಮುರಿದಿತ್ತು. ಜೀವಕ್ಕೆ ಏನೂ ಆಗಿರಲಿಲ್ಲ.

ಊರಿನಲ್ಲಿ ನನಗೆ ಹೆಸರು ಬಂತು. ಜೀಪಿನ ಕಥೆ ಕೇಳಲು ಜನ ಅಂಗಡಿಗೆ ಬರುತ್ತಿದ್ದರು. ನಾನು ಹೇಳುತ್ತಿದ್ದೆ ಕೂಡ, ಆ ಹತ್ತು ನಿಮಿಷವನ್ನು ಬಿಟ್ಟು. ನಿದ್ದೆಯಲ್ಲಿ ಮಾತ್ರ ಅದೇ ಹತ್ತು ನಿಮಿಷ ಬರುತ್ತಿತ್ತು, ಕೆಮ್ಮು ನಿಂತ ಪೈಪು.

ಎರಡು ತಿಂಗಳ ನಂತರ ಶೀನ ಊರುಗೋಲು ಹಿಡಿದು ಅಕ್ಕನೊಂದಿಗೆ ಅಂಗಡಿಗೆ ಬಂದ. ಇಪ್ಪತ್ತೈದರ ಆಸುಪಾಸಿನ ತೆಳ್ಳಗಿನ ಆಳು. ಕೈ ಮುಗಿಯಲು ಹೊರಟವನನ್ನು ತಡೆದೆ. "ಮುಗಿಯಬೇಡ. ನಾನು ಹೆದರಿ ಸುಳ್ಳು ಹೇಳಿದೆ. ನಿನ್ನ ಹತ್ತು ನಿಮಿಷದ ಉಸಿರು ತಿಂದವನು ನಾನು" ಎಂದೆ.

ಶೀನ ಸ್ಟೂಲಿನ ಮೇಲೆ ಕೂತು ಊರುಗೋಲನ್ನು ಗೋಡೆಗೆ ಒರಗಿಸಿದ.

"ನನಗೆ ಗೊತ್ತುಂಟು ಅಣ್ಣ. ಪೈಪಿನೊಳಗೆ ನಿಮ್ಮ ಮಾತೆಲ್ಲ ಕೇಳ್ತಾ ಇತ್ತು. ಬ್ಯಾಟರಿ ಹೋಯಿತು ಅಂದ್ರಲ್ಲ, ಆಗ ನಾನು ಆಸೆ ಬಿಟ್ಟೆ. ಬ್ಯಾಟರಿ ಹೋದರೆ ಯಾರು ಎಂತ ಮಾಡ್ಲಿಕ್ಕೆ ಆಗ್ತದೆ? ಕೆಮ್ಮುವುದನ್ನೂ ಬಿಟ್ಟು ಸುಮ್ಮನೆ ಮಲಗಿದೆ. ಮತ್ತೆ ನೀವು ಕಿರುಚಿದ್ದು ಕೇಳಿತು, ನಾನೇ ಕತ್ತರಿಸಿದ್ದು ಅಂತ. ಕತ್ತರಿಸಿದ್ದಾದರೆ ಜೋಡಿಸ್ಲಿಕ್ಕೆ ಆಗ್ತದಲ್ವಾ ಅಂತ ಕಣ್ಣು ಬಿಟ್ಟೆ."

ಗಿರಿಜ ತಂದಿದ್ದ ಸೌತೆಕಾಯಿಗಳನ್ನು ಮೇಜಿನ ಮೇಲಿಟ್ಟು ಹೊರಟಳು, ಅವನೂ ಎದ್ದ.

ಆಮೇಲೂ ಇಪ್ಪತ್ತೈದು ವರ್ಷ ಅದೇ ಮೇಜಿನಲ್ಲಿ ಮೋಟಾರ್ ಸುತ್ತಿದೆ. ನನ್ನ ಕೈಯಿಂದ ಕೆಟ್ಟದ್ದು ಹತ್ತಾರು ಇವೆ. ಈಗಲೂ ನಾನು ಹೆದರುಪುಕ್ಕಲನೇ. ಆದರೆ ಯಾರದ್ದೇ ಮೋಟಾರ್ ತಿರುಗಿ ಬಂದರೂ, ಬಿಚ್ಚುವ ಮೊದಲೇ ನಾನು ಏನು ಮಾಡಿದ್ದೆನೆಂದು ಗಟ್ಟಿಯಾಗಿ ಹೇಳಿಬಿಡುತ್ತಿದ್ದೆ. ಕಾಣದ ಕಡೆ ಯಾರು ಕಿವಿಗೊಟ್ಟು ಮಲಗಿದ್ದಾರೋ ನಮಗೇನು ಗೊತ್ತು.